ನಾಲ್ಕು ಬೆರಳು ದೂರ

ಮೊದಲ ಮೈಕನ್ನು ನಾನು ಸಿಟ್ಟಿನಲ್ಲಿ ಕೊಂಡೆ. ಸಿಟ್ಟಿನಲ್ಲಿ ಕೊಂಡ ಯಾವುದೂ ನನಗೆ ಈವರೆಗೆ ದಕ್ಕಿಲ್ಲ. ಒಂದು ಸ್ಕೂಟರು, ಎರಡು ಜೊತೆ ಚಪ್ಪಲಿ, ಒಂದು ನಾಯಿ, ಎಲ್ಲಕ್ಕೂ ಅದೇ ಗತಿಯಾಗಿತ್ತು. ಆದರೂ ಬುದ್ಧಿ ಬಂದಿರಲಿಲ್ಲ.

ನನ್ನ ಕಸುಬು ಸುಟ್ಟುಹೋದ ಮೋಟರುಗಳಿಗೆ ಹೊಸದಾಗಿ ತಂತಿ ಸುತ್ತುವುದು. ರಸ್ತೆಯ ಕಡೆಗೆ ಅಂಗಡಿ, ಅದರ ಹಿಂದೆ ಅಕ್ಕನ ಕೋಣೆ, ಮಹಡಿಯ ಮೇಲೆ ನಾನು ಮತ್ತು ನನ್ನ ಹೆಂಡತಿ. ಅಂಗಡಿಗೂ ಅಕ್ಕನ ಕೋಣೆಗೂ ನಡುವೆ ಒಂದೂವರೆ ಅಡಿ ದಪ್ಪದ ಹಳೆಯ ಗೋಡೆ. ಆ ಗೋಡೆಯನ್ನು ನಂಬಿ ನಾನು ಕೆಟ್ಟೆ, ಅದು ಆಮೇಲಿನ ಮಾತು.

ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಬಸ್ಸು ತಪ್ಪಿಹೋಯ್ತು" ಎನ್ನುತ್ತಾಳೆ. ಹದಿನೆಂಟು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳ ಹೆಸರು ಕೂಗಿದವಳು, ಹಾಗಾಗಿ ಆ ಮಾತು ಅವಳ ಬಾಯಿಗೆ ಒಪ್ಪುತ್ತದೆ. ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಲಿನವರು ಮೈಕಿನ ಮುಂದೆ ಕೈ ಚಾಚಿ ತೋರಿಸಿ, "ಒಂದು ಗೇಣು ದೂರ ಇರಬೇಕು. ಹತ್ತಿರ ಬಂದರೆ ಎಂಜಲು ಹಾರತ್ತೆ. ನಿನ್ನ ಪಾಳಿ ಮುಗಿದ ಮೇಲೆ ಇನ್ನೊಬ್ಬರು ಇಲ್ಲೇ ಕೂರಬೇಕು" ಎಂದಿದ್ದರಂತೆ. ಅಂದಿನಿಂದ ಅಕ್ಕ ಯಾವ ಮೈಕಿನ ಮುಂದೆ ಕೂತರೂ ಮೊದಲು ಹೆಬ್ಬೆರಳನ್ನು ಗಲ್ಲಕ್ಕೆ ಊರಿ, ಕಿರುಬೆರಳನ್ನು ಮೈಕಿನ ಕಡೆ ಚಾಚಿ ಗೇಣು ಅಳೆಯುತ್ತಾಳೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಗಲ್ಲ ಎತ್ತುತ್ತಾಳೆ. ಆ ದನಿ ಹೊರಟರೆ ಮಲಗಿದ್ದ ಡ್ರೈವರುಗಳು ಎದ್ದು ಕೂರುತ್ತಿದ್ದರು.

ಆ ಕೆಲಸವನ್ನು ಒಂದು ಯಂತ್ರ ಕಿತ್ತುಕೊಂಡಿತು. ಮೊದಲೇ ಹಿಡಿದಿಟ್ಟ ದನಿಯಲ್ಲಿ ಬಸ್ಸಿನ ಹೆಸರು ಹೇಳುವ ಯಂತ್ರ. ಅಕ್ಕ ಒಂದು ವರ್ಷ ಮನೆಯಲ್ಲಿ ಕೂತು ಬಾಗಿಲಿಗೆ ಬಂದ ಸೊಪ್ಪಿನವನ ಹತ್ತಿರವೂ ಪಿಟ್ಟೆನ್ನಲಿಲ್ಲ. ಆಮೇಲೆ ಊರಿನ ಸಣ್ಣ ರೇಡಿಯೋದವರು ಕರೆದರು. ಕಣ್ಣು ಕಾಣದವರಿಗಾಗಿ ಒಂದು ಕಾರ್ಯಕ್ರಮ. ವಾರವಿಡೀ ಪತ್ರಿಕೆಗಳಿಂದ ಆರಿಸಿದ್ದನ್ನು ಪ್ರತಿ ಸೋಮವಾರ ಬೆಳಿಗ್ಗೆ ಇಪ್ಪತ್ತು ನಿಮಿಷ ಓದಬೇಕು. ಕೆಲಸಕ್ಕೆ ಬೇಕಾಗಿದ್ದಾರೆ ಎನ್ನುವ ಜಾಹೀರಾತು, ಓದುಗರ ಜಗಳದ ಪತ್ರಗಳು, ಕೊನೆಗೆ ಒಂದು ನಗೆಹನಿ. ಹನ್ನೊಂದು ವರ್ಷದಿಂದ ಅಕ್ಕ ಅದನ್ನು ಓದುತ್ತಿದ್ದಾಳೆ. ವಾರದ ಆರು ದಿನ ಕತ್ತರಿ ಹಿಡಿದು ಪತ್ರಿಕೆ ಕತ್ತರಿಸುವುದು, ಏಳನೆಯ ದಿನ ಓದುವುದು, ಅದೇ ಅವಳ ಬಾಳು.

ಆರು ತಿಂಗಳ ಹಿಂದೆ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಕೊಯ್ದು ತೆಗೆದರು. ಗಂಟು ಕೆಟ್ಟದ್ದಲ್ಲ ಎಂದು ಡಾಕ್ಟರು ಹೇಳಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಿದ್ದೆ. ಪ್ರಾಣ ಉಳಿಯಿತು, ದನಿ ಹೋಯಿತು. ವಾಪಸು ಬಂದಾಗ ಅದು ತೂತುಬಿದ್ದ ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವ ಹಾಗೆ ಬಂತು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಮಾತಾಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಅದೇ ಸಮಯಕ್ಕೆ ರೇಡಿಯೋದವರ ಕಟ್ಟಡದ ಸೂರು ರಿಪೇರಿಗೆ ಬಂತು. ಎಲ್ಲರಿಗೂ ಒಂದೊಂದು ರೆಕಾರ್ಡಿಂಗ್ ಪೆಟ್ಟಿಗೆ ಕೊಟ್ಟು, ಮನೆಯಲ್ಲೇ ಮಾತಾಡಿ ಕಳಿಸಿ ಎಂದರು. ಅಕ್ಕ ಗೇಣು ಅಳೆದು ಎರಡು ವಾರ ಓದಿ ಕಳಿಸಿದಳು. ಮೂರನೆಯ ಸೋಮವಾರ ರೇಡಿಯೋ ನಡೆಸುವ ಮೇಡಂ ಖುದ್ದಾಗಿ ಮನೆಗೆ ಬಂದರು.

"ಅಕ್ಕಾ, ನನಗೆ ನಿಮ್ಮ ಮೇಲೆ ಏನೂ ಇಲ್ಲ. ಕೇಳೋರು ಫೋನ್ ಮಾಡ್ತಿದ್ದಾರೆ. ಏನು ಓದಿದ್ರು ಅಂತಾನೇ ಗೊತ್ತಾಗಲ್ಲ ಅಂತಾರೆ."

"ಕಿವೀಲಿ ಗುಗ್ಗೆ ತುಂಬ್ಕೊಂಡಿದ್ರೆ ಏನು ಗೊತ್ತಾಗತ್ತೆ?" ಎಂದೆ ನಾನು.

"ಲೋ, ನೀನು ಸುಮ್ಮನಿರು" ಎಂದಳು ಅಕ್ಕ.

"ಕಣ್ಣಂತೂ ಕಾಣಲ್ಲ, ಕಿವಿಗೂ ಕೇಳಿಸಲಿಲ್ಲ ಅಂದ್ರೆ ಅವರಿಗೆ ನಾವು ಯಾಕೆ ಬೇಕು ಹೇಳಿ" ಎಂದರು ಮೇಡಂ. "ಮುಂದಿನ ಸೋಮವಾರದ್ದನ್ನ ಶನಿವಾರ ಮಧ್ಯಾಹ್ನದೊಳಗೆ ಕಳಿಸಿ. ಕೇಳಿಸೋ ಹಾಗಿದ್ರೆ ಕಾರ್ಯಕ್ರಮ ನಿಮ್ಮದೇ. ಇಲ್ಲ ಅಂದ್ರೆ ಬೇರೆಯವರ ಹತ್ರ ಓದಿಸ್ತೀನಿ. ನೀವು ಆರಿಸಿಕೊಟ್ರೆ ಸಾಕು."

"ಅವಳು ಕತ್ತರಿಸಿಕೊಡಬೇಕು, ಇನ್ಯಾರೋ ಓದಬೇಕು. ಅವಳೇನು ನಿಮ್ಮ ಟೈಲರಾ?"

ಮೇಡಂ ಎದ್ದು ಹೋದರು. ತಪ್ಪು ಅವರದ್ದಲ್ಲ, ನನಗೂ ಗೊತ್ತಿತ್ತು. ಅಕ್ಕ ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿ ಡ್ರಾಯರಿನಲ್ಲಿಟ್ಟು ಮುಚ್ಚಿದಳು. ಆ ಕತ್ತರಿ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಡ್ರಾಯರು ಸೇರಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಅಂಗಡಿ ಮುಚ್ಚಿ ಸೌಂಡ್ ಸಾಮಾನು ಮಾರುವವನಲ್ಲಿಗೆ ಹೋದೆ. ಆತ ಮೆಲ್ಲಗೆ ಮಾತಾಡುವ ಮನುಷ್ಯ. ಎಷ್ಟು ಮೆಲ್ಲಗೆ ಎಂದರೆ ಎದುರಿಗಿದ್ದವರು ಕತ್ತು ಮುಂದೆ ಚಾಚಬೇಕು. ನಾನು ಅವನಿಗೆ ಮನಸ್ಸಿನಲ್ಲೇ ಪಿಸುಮಾತಿನವನು ಎಂದು ಹೆಸರಿಟ್ಟೆ.

"ಯಾರು ಮಾತಾಡೋದಣ್ಣಾ?"

"ನಮ್ಮಕ್ಕ."

"ದನಿ ಹೇಗಿದೆ? ಕೋಣೆ ಎಷ್ಟು ದೊಡ್ಡದು? ಅಕ್ಕಪಕ್ಕ ಏನಿದೆ? ಕೂತು ಓದ್ತಾರಾ, ನಿಂತು ಓದ್ತಾರಾ?"

"ಏನಯ್ಯಾ, ಹೆಣ್ಣು ಕೊಡೋರ ಹಾಗೆ ವಿಚಾರಿಸ್ತಿದ್ದೀಯ? ಮೈಕು ಕೊಡು. ಇರೋದರಲ್ಲೆಲ್ಲ ಒಳ್ಳೇದು ಕೊಡು."

"ಒಳ್ಳೇದು ಅಂತ ಒಂದೇ ಇರಲ್ಲಣ್ಣಾ."

ಗಾಜಿನ ಕಪಾಟಿನಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಬೆಳ್ಳಿ ಬಣ್ಣದ್ದೊಂದು ಮಲಗಿತ್ತು. ಬೆಲೆ ಎಲ್ಲಕ್ಕಿಂತ ಹೆಚ್ಚು. ಅದನ್ನೇ ತೋರಿಸಿದೆ.

"ಅದು ಕಂಡೆನ್ಸರ್ ಮೈಕು. ತುಂಬ ಸೂಕ್ಷ್ಮ. ಎಲ್ಲಾನೂ ಕೇಳಿಸ್ಕೊಳ್ಳತ್ತೆ" ಎಂದ.

"ಕೇಳಿಸ್ಕೊಳ್ಳಲಿ ಅಂತಾನೇ ತಾನೆ ಮೈಕು ತಗೊಳ್ಳೋದು? ಕಟ್ಟು."

ಕಟ್ಟಿಕೊಟ್ಟ. ಇನ್ನೂ ಏನೋ ಹೇಳುತ್ತಿದ್ದ, ನಾನು ಬಾಗಿಲು ದಾಟಿಯಾಗಿತ್ತು.

ಬುಧವಾರ ಅಕ್ಕ ಡ್ರಾಯರಿನಿಂದ ಕತ್ತರಿ ತೆಗೆದಳು. ಹೆಂಡತಿ ಪೆಟ್ಟಿಗೆಗೆ ತಂತಿ ಸಿಕ್ಕಿಸಿದಳು. ಅವಳು ಲಾಂಡ್ರಿಯಲ್ಲಿ ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವವಳು, ಗುಂಡಿ ಒತ್ತುವ ಕೆಲಸದಲ್ಲಿ ನನಗಿಂತ ಜಾಣೆ. ನಾನು ಅಂಗಡಿಗೆ ಹೋದೆ. ಹತ್ತು ನಿಮಿಷವಾದ ಮೇಲೆ ಹೆಂಡತಿ ಕರೆದಳು. ಅವಳ ಮುಖ ನಗುವನ್ನು ಒತ್ತಿ ಹಿಡಿದಿತ್ತು.

"ಕೇಳಿ" ಎಂದು ಹೆಡ್‌ಫೋನು ಕೊಟ್ಟಳು.

ಮೊದಲು ಕೇಳಿಸಿದ್ದು ಗಡಿಯಾರ. ಆಮೇಲೆ ಹಿತ್ತಲಿನ ನಲ್ಲಿಯ ತೊಟ್ಟು. ಕಿಟಕಿಯ ಮೇಲೆ ಪಾರಿವಾಳ ಕಾಲು ಬದಲಿಸಿದ್ದು. ಎದುರು ಸಾಲಿನ ತಗಡಿನವನ ಸುತ್ತಿಗೆ. ಇವೆಲ್ಲದರ ಹಿಂದೆ, ಬಟ್ಟೆ ಒಣಗಿದ ತಂತಿಯ ಮೇಲೆ ಉಳಿದ ದಾರದ ಎಳೆಯ ಹಾಗೆ, ಅಕ್ಕ. ಅಷ್ಟರಲ್ಲಿ ಯಾರೋ ಗುಡುಗಿದರು.

"ಮೋಟರು ಸುಟ್ಟಿದ್ದು ನೀರಿಲ್ಲದ ಬಾವೀಲಿ ಓಡಿಸಿದ್ದಕ್ಕೆ ಕಣಯ್ಯಾ! ನಿನ್ನ ತಲೇನೂ ಹಾಗೇ ಸುಟ್ಟಿರೋದು!"

ಒಂದೊಂದು ಅಕ್ಷರವೂ ಮುತ್ತು ಪೋಣಿಸಿದ ಹಾಗಿತ್ತು. ಒಂದೂವರೆ ಅಡಿಯ ಗೋಡೆ ಬಳಸಿ, ಅಂಗಳ ದಾಟಿ, ಕಿಟಕಿಯೊಳಗೆ ನುಗ್ಗಿ ಬಂದಿದ್ದೆ ನಾನು.

"ನಾನು ಹೀಗೆ ಮಾತಾಡ್ತೀನಾ?"

"ಇಲ್ಲಪ್ಪ, ಇವತ್ತು ಸ್ವಲ್ಪ ಮೆತ್ತಗಿದ್ರಿ" ಎಂದಳು ಹೆಂಡತಿ.

ಅಕ್ಕ ನಗಲಿಲ್ಲ. ಗಂಟಲು ಮುಟ್ಟಿಕೊಂಡು, ಇವತ್ತಿನ ಅರ್ಧ ಗಂಟೆ ಮುಗಿಯಿತು ಎಂದು ಬೆರಳಲ್ಲಿ ತೋರಿಸಿದಳು.

ಗುರುವಾರ ನಾನು ಅಂಗಡಿ ತೆರೆಯಲಿಲ್ಲ. ಮನೆಯಲ್ಲಿದ್ದ ಕಂಬಳಿ, ಜಮಖಾನೆ, ಹಾಸಿಗೆ, ನನ್ನ ಚಳಿಗಾಲದ ಕೋಟು ಎಲ್ಲವನ್ನೂ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಗಡಿಯಾರ ಕಿತ್ತೆ. ನಲ್ಲಿಗೆ ಚಿಂದಿ ಬಿಗಿದೆ. ರಸ್ತೆ ದಾಟಿ ತಗಡಿನವನಿಗೆ ಒಂದು ಗಂಟೆ ಸುತ್ತಿಗೆ ಇಳಿಸು ಎಂದೆ.

"ಇಪ್ಪತ್ತು ವರ್ಷ ನಿನ್ನ ಬಾಯಿ ಸಹಿಸ್ಕೊಂಡಿದ್ದೀನಿ, ಒಂದು ದಿನವಾದ್ರೂ ಇಳಿಸು ಅಂದಿದ್ದೀನಾ?" ಎಂದ ಅವನು.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಕ್ಕನಿಗೋಸ್ಕರ ಎಂದು ತಿಳಿದ ಮೇಲೆ ಸುತ್ತಿಗೆ ಕೆಳಗಿಟ್ಟು, "ಅದನ್ನ ಮೊದಲೇ ಬೊಗಳಬಾರದಾ?" ಎಂದ. ಅಷ್ಟೆಲ್ಲ ಆಗಿಯೂ ಅವತ್ತು ಸಿಕ್ಕಿದ್ದು ಕಂಬಳಿ ಹೊದ್ದ ಮೌನ, ಅದರ ನಡುವೆ ಅಕ್ಕನ ಉಸಿರು, ದೂರದಲ್ಲಿ ಒಂದು ಲಾರಿ. ದನಿ ಮಾತ್ರ ದಾರದ ಎಳೆಯೇ. ಸೆಕೆಗೆ ಬೆವತು ಕೂತ ಅಕ್ಕ ಮೈಕನ್ನು ನೋಡಿ, "ಪಾಪ, ಅದರ ತಪ್ಪೇನೂ ಇಲ್ಲ ಬಿಡು. ಇರೋದನ್ನ ಇರೋ ಹಾಗೇ ಹೇಳ್ತಿದೆ" ಎಂದಳು.

ಅವಳು ಅತ್ತಿದ್ದರೆ ನಾನು ಯಾರನ್ನಾದರೂ ಬೈದು ಹಗುರಾಗುತ್ತಿದ್ದೆ. ಅವಳು ಆ ಮಾತನ್ನು ಸುಮ್ಮನೆ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ರಜೆ ಹಾಕಿ ನನ್ನ ಜೊತೆ ಹೊರಟಳು. ದಾರಿಯಲ್ಲೇ ಕರಾರು ಮಾಡಿದಳು. "ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ಮಧ್ಯೆ ಬಾಯಿ ಹಾಕಿದ್ರೆ ನಾನು ಅಲ್ಲಿಂದಲೇ ನಮ್ಮಮ್ಮನ ಮನೆಗೆ ಹೋಗ್ತೀನಿ."

ಪಿಸುಮಾತಿನವನು ಬೆಳ್ಳಿ ಮೈಕನ್ನು ನೋಡಿ ನಗಲಿಲ್ಲ, ಅದು ಅವನ ದೊಡ್ಡತನ. ಮಂಗಳವಾರ ಕೇಳಿದ ಪ್ರಶ್ನೆಗಳನ್ನೇ ಮೊದಲಿನಿಂದ ಕೇಳಿದ. ನಾನು ಮೇಷ್ಟ್ರ ಮುಂದೆ ನಿಂತವನ ಹಾಗೆ ಒಂದೊಂದಕ್ಕೂ ಉತ್ತರ ಕೊಟ್ಟೆ. ದನಿ ಹೋಗಿದೆ, ಮೇಲಿನ ತೆಳುವು ಮಾತ್ರ ಉಳಿದಿದೆ. ಕೋಣೆ ಹತ್ತಡಿ. ಮುಂದೆ ಮೋಟರು ಅಂಗಡಿ, ಎದುರಿಗೆ ತಗಡಿನವನು.

"ಹಾಗಾದ್ರೆ ನಿಮಗೆ ಬೇಕಿರೋದು ಡೈನಾಮಿಕ್ ಮೈಕು" ಎಂದ. "ಅದು ಅಷ್ಟು ಚುರುಕಲ್ಲ. ಹತ್ತಿರ ಬಂದು ಹೇಳಿದ್ದನ್ನ ಮಾತ್ರ ಕೇಳಿಸ್ಕೊಳ್ಳತ್ತೆ, ದೂರದ್ದು ಯಾವುದೂ ಅದರ ತಲೆಗೆ ಹೋಗಲ್ಲ."

"ನಮ್ಮನೆಯವರ ಥರ" ಎಂದಳು ಹೆಂಡತಿ.

ಕರಾರು ನೆನಪಾಗಿ ಸುಮ್ಮನಿದ್ದೆ. ಆಮೇಲೆ, "ಅದರೊಳಗೆ ಏನಿದೆ, ತೋರಿಸ್ತೀಯಾ?" ಎಂದು ಕೇಳಿದೆ. ಒಳಗೇನಿದೆ ಎಂದು ನೋಡದೆ ನನಗೆ ಯಾವ ಯಂತ್ರದ ಮೇಲೂ ನಂಬಿಕೆ ಹುಟ್ಟುವುದಿಲ್ಲ.

ಅವನು ಕೆಟ್ಟುಹೋದ ಹಳೆಯ ಮೈಕೊಂದರ ತಲೆ ತಿರುಗಿಸಿ ಬಿಚ್ಚಿದ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆ. ಅದರ ಬೆನ್ನಿಗೆ ಅಂಟಿಕೊಂಡು, ಕೂದಲಿಗಿಂತ ಸಣ್ಣ ತಂತಿಯ ಒಂದು ಸುತ್ತು. ಅದರ ಸುತ್ತ ಅಯಸ್ಕಾಂತ. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಇದು ನನ್ನ ಕಸುಬು! ಸುತ್ತು, ಅಯಸ್ಕಾಂತ, ಅಷ್ಟೇ. ದನಿ ಪೊರೆಯನ್ನು ಅಲ್ಲಾಡಿಸುತ್ತದೆ, ಪೊರೆ ಸುತ್ತನ್ನು ಅಲ್ಲಾಡಿಸುತ್ತದೆ, ಅಯಸ್ಕಾಂತದ ನಡುವೆ ಸುತ್ತು ಅಲ್ಲಾಡಿದರೆ ಕರೆಂಟು ಹುಟ್ಟುತ್ತದೆ.

"ಇದು ಸೈಕಲ್ಲಿನ ಡೈನಮೋ ಅಲ್ಲವೇನಯ್ಯಾ! ಪೆಡಲ್ ಬದಲು ಬಾಯಿ!"

"ಹೌದಣ್ಣಾ. ಎಷ್ಟು ಹತ್ತಿರದಿಂದ ತುಳಿದ್ರೆ ಅಷ್ಟು ಬೆಳಕು."

ಆಮೇಲೆ ಅವನು ಮೇಜಿನ ಮೇಲೆ ಮೂರು ಡೈನಾಮಿಕ್ ಮೈಕುಗಳನ್ನು ಇಟ್ಟ. ನನಗೆ ಹೆಡ್‌ಫೋನು ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂರಿಸಿದ. ಮೈಕಿನ ಅಂದ ಕಣ್ಣಿಗೆ ಬಿದ್ದರೆ ಕಿವಿ ಸುಳ್ಳು ಹೇಳುತ್ತದಂತೆ. ಹೆಂಡತಿಗೆ, "ನಿಮ್ಮ ನಾದಿನಿ ಹೇಗೆ ಮಾತಾಡ್ತಾರೋ ಹಾಗೇ ಉಸಿರಲ್ಲಿ ಏನಾದ್ರೂ ಹೇಳಿ" ಎಂದ.

"ನಾದಿನಿ ಅಲ್ಲ, ಅತ್ತಿಗೆ. ದೊಡ್ಡವರು" ಎಂದು ಅವಳು ತಿದ್ದಿದಳು. ಆಮೇಲೆ ಗಾಳಿ ಹೋದ ದನಿ ಮಾಡಿ ಶುರುಮಾಡಿದಳು. "ಪ್ರಯಾಣಿಕರ ಗಮನಕ್ಕೆ. ನಮ್ಮ ಯಜಮಾನರ ಸಿಟ್ಟು ಮೂರನೇ ಅಂಕಣದಲ್ಲಿ ನಿಂತಿದೆ. ಹೊರಡುವ ಸಮಯ ತಿಳಿದುಬಂದಿಲ್ಲ."

ಮೊದಲನೆಯದರಲ್ಲಿ ಮಾತು ಚೊಕ್ಕವಾಗಿತ್ತು, ಆದರೆ ಪ್ರತಿ ಸಕಾರಕ್ಕೂ ಸೀಟಿ ಹೊಡೆಯುತ್ತಿತ್ತು. ಅದು ವೇದಿಕೆಯ ಮೇಲೆ ಕೈಯಲ್ಲಿ ಹಿಡಿದು ಹಾಡುವವರದಂತೆ. ಎರಡನೆಯದರಲ್ಲಿ ಅವಳು ಹಿಂದೆ ಸರಿದರೂ ಮುಂದೆ ವಾಲಿದರೂ ದನಿ ಒಂದೇ ಸಮ. "ಹೆಚ್ಚು ಜನ ಇದನ್ನೇ ಒಯ್ಯೋದು. ಕೂತಲ್ಲಿ ಕೂರದೋರಿಗೆ ಒಳ್ಳೇದು" ಎಂದ. ಸಮವೇನೋ ಹೌದು, ತೆಳುವಿದ್ದದ್ದು ಸಮನಾಗಿ ತೆಳುವಾಗಿಯೇ ಇತ್ತು. ಮೂರನೆಯದರಲ್ಲಿ ಮೊದಲು ಏನೂ ಕೇಳಿಸಲಿಲ್ಲ. "ಇನ್ನೂ ಹತ್ತಿರ ಬನ್ನಿ ಅಮ್ಮಾ, ಇನ್ನೂ" ಎನ್ನುತ್ತಿದ್ದ. ಆಗ ಇದ್ದಕ್ಕಿದ್ದಂತೆ ಆ ಉಸಿರಿನ ಕೆಳಗೆ ಒಂದು ಎದೆ ಹುಟ್ಟಿಕೊಂಡಿತು. ಖಾಲಿ ಚೀಲದೊಳಗೆ ಧಾನ್ಯ ಸುರಿದ ಹಾಗೆ ದನಿ ಕೆಳಗಿನಿಂದ ತುಂಬಿ ನಿಂತಿತು.

ತಿರುಗಿ ನೋಡಿದೆ. ಕಪ್ಪಗೆ, ದಪ್ಪಗೆ, ಒನಕೆಯ ತುಂಡಿನಂಥ ಕುರೂಪಿ ಮೈಕು.

"ಎಲ್ಲ ಡೈನಾಮಿಕ್‌ಗೂ ಈ ಗುಣ ಸ್ವಲ್ಪ ಇರತ್ತೆ, ಇದಕ್ಕೆ ಜಾಸ್ತಿ" ಎಂದ ಪಿಸುಮಾತಿನವನು. "ಹತ್ತಿರ ಬಂದಷ್ಟೂ ಕೆಳಗಿನ ದನಿ ದಪ್ಪ ಆಗತ್ತೆ. ನಿಮ್ಮಂಥೋರು ಮಾತಾಡಿದ್ರೆ ಹಂಡೆಯೊಳಗೆ ಕೂತು ಕೂಗಿದ ಹಾಗಿರತ್ತೆ, ಅದಕ್ಕೇ ಇದು ಬೇಡ ಅಂತಾರೆ. ಅಕ್ಕನಿಗೆ ಬೇಕಿರೋದೇ ಅದು. ಆದ್ರೆ ಇದು ಮಹಾ ಸೋಮಾರಿ, ನಿಮ್ಮ ಪೆಟ್ಟಿಗೆ ಒಂದೇ ಇದನ್ನ ಎಬ್ಬಿಸಲಾರದು." ನಡುವೆ ಸಿಕ್ಕಿಸಲು ಬೆರಳುದ್ದದ ಒಂದು ಬಲವರ್ಧಕವನ್ನೂ ಕೊಟ್ಟ. ಬೆಳ್ಳಿಯದನ್ನು ವಾಪಸು ತೆಗೆದುಕೊಂಡ. ನಾನು ಥ್ಯಾಂಕ್ಸ್ ಎಂದೆ. ಹೆಂಡತಿ ಬೀದಿಯುದ್ದಕ್ಕೂ ಅದನ್ನೇ ಹೇಳಿ ನಕ್ಕಳು.

ಮಧ್ಯಾಹ್ನ ಅಕ್ಕನ ಮೇಜಿಗೆ ಹೊಸ ಮೈಕು ಬಿಗಿದೆ. ಮೇಜು ಇದ್ದದ್ದು ಆ ದಪ್ಪ ಗೋಡೆಗೆ ಒತ್ತಿ, ಅಂಗಡಿಯ ಸದ್ದು ತಡೆಯಲಿ ಎಂದು ನಾನೇ ಅಲ್ಲಿ ಹಾಕಿಸಿದ್ದೆ. ಯಂತ್ರಗಳನ್ನೆಲ್ಲ ನಿಲ್ಲಿಸಿ ಬಂದೆ. ಅಕ್ಕ ಹೆಬ್ಬೆರಳನ್ನು ಗಲ್ಲಕ್ಕೆ ಊರಿ ಗೇಣು ಅಳೆದಳು. ಓದಿದಳು. ನನ್ನ ಹೆಡ್‌ಫೋನಿನಲ್ಲಿ ಅಕ್ಕ ಇರಲಿಲ್ಲ.

"ಹತ್ತಿರ ಬಾ."

ಎರಡು ಬೆರಳಷ್ಟು ಬಂದಳು.

"ಇನ್ನೂ ಬಾ ಅಂದ್ರೆ!"

"ಎಂಜಲು ಹಾರತ್ತೆ ಕಣೋ. ಹೊಸ ಮೈಕು."

ಹೆಂಡತಿ ಪೆಟ್ಟಿಗೆಯ ಗುಂಡಿ ತಿರುಗಿಸಿ ದನಿ ಏರಿಸಿದಳು. ಅಕ್ಕನ ಬದಲು ಇನ್ನೊಂದು ಬಂತು. ಗುಂಯ್ ಎನ್ನುವ ಸದ್ದು. ಹಲ್ಲಿನ ಬೇರಿಗೆ ತಾಗುವ ಗುಂಯ್. ಏರಿಸಿದಷ್ಟೂ ಏರಿತು. ನನ್ನ ತಲೆಗೆ ರಕ್ತ ನುಗ್ಗಿತು. ಪಿಸುಪಿಸು ಎಂದು ನಯವಾಗಿ ಮಾತಾಡುವವನು ಕೆಟ್ಟ ಮಾಲು ತಲೆಗೆ ಕಟ್ಟಿದ್ದಾನೆ! ನಾಳೆ ಮಧ್ಯಾಹ್ನ ಗಡುವು, ಅಕ್ಕನ ಇವತ್ತಿನ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಹೋಗಿದೆ.

"ಇದನ್ನ ಅವನ ಅಂಗಡಿ ಗಾಜಿಗೇ ಎಸೀತೀನಿ" ಎಂದು ಹೆಡ್‌ಫೋನು ಹಾಕಿಕೊಂಡಿದ್ದ ಹಾಗೆಯೇ ಮೈಕನ್ನು ಸ್ಟ್ಯಾಂಡಿನಿಂದ ಕಿತ್ತೆ.

ಕಿತ್ತ ರಭಸಕ್ಕೆ ಅದು ನನ್ನ ಕೈಯಲ್ಲಿ ಕಾಲು ಸುತ್ತು ತಿರುಗಿತು. ಗುಂಯ್ ನಿಂತುಹೋಯಿತು.

ನಾನೂ ನಿಂತೆ. ಮೈಕನ್ನು ಮೊದಲಿದ್ದ ಹಾಗೆ ತಿರುಗಿಸಿದೆ. ಗುಂಯ್ ಎಂದಿತು. ಅಡ್ಡ ತಿರುಗಿಸಿದೆ. ಇಲ್ಲ. ಗೋಡೆಯ ಹತ್ತಿರ ಒಯ್ದೆ. ಕೂಗಿಕೊಂಡಿತು. ಬಾಗಿಲ ಕಡೆ ನಾಲ್ಕು ಹೆಜ್ಜೆ ಇಟ್ಟೆ. ಸತ್ತೇ ಹೋಯಿತು.

ಗೋಡೆಯ ಆ ಬದಿಯಲ್ಲಿ, ಸರಿಯಾಗಿ ಈ ಮೇಜಿನ ಬೆನ್ನಿಗೆ, ನಾನು ಮೋಟರು ಪರೀಕ್ಷಿಸುವ ಹಲಗೆ ಇದೆ. ಅದರ ಕೆಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್. ಯಂತ್ರಗಳನ್ನು ನಿಲ್ಲಿಸಿದರೂ ಅದನ್ನು ನಾನು ಯಾವತ್ತೂ ಆರಿಸುವುದಿಲ್ಲ. ಆರಿಸಿದರೆ ತೇವ ಹಿಡಿಯುತ್ತದೆ ಎಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿದ್ದರು, ಮೂವತ್ತು ವರ್ಷದಿಂದ ಅದು ಹಗಲೂ ರಾತ್ರಿ ಬೆಚ್ಚಗೇ ಇದೆ. ದಪ್ಪ ಗೋಡೆ ಮಾತನ್ನು ತಡೆದೀತು, ಅಯಸ್ಕಾಂತದ ಬಲವನ್ನು ತಡೆಯುತ್ತದೆಯೇ? ಟ್ರಾನ್ಸ್‌ಫಾರ್ಮರಿನ ಪಕ್ಕ ಇನ್ನೊಂದು ಸುತ್ತು ಇಟ್ಟರೆ ಅದರಲ್ಲೂ ಕರೆಂಟು ಹುಟ್ಟುತ್ತದೆ ಎಂದು ಕಂಡಕಂಡವರಿಗೆ ಪಾಠ ಹೇಳುವವನು ನಾನು. ಬೆಳಿಗ್ಗೆಯಷ್ಟೇ ಆ ಸುತ್ತನ್ನು ಕಣ್ಣಾರೆ ಕಂಡು ನಮ್ಮ ಕಸುಬು ಎಂದು ಹಿಗ್ಗಿದವನೂ ನಾನೇ. ಬೇರೆ ಯಾವ ಮನೆಯಲ್ಲೂ ಈ ತಪ್ಪು ನಡೆಯುತ್ತಿರಲಿಲ್ಲ.

"ಏನಾಯ್ತು?" ಎಂದಳು ಹೆಂಡತಿ.

"ಏನಿಲ್ಲ. ಕತ್ತೆ ಸಿಕ್ತು" ಎಂದು ಎದೆ ಮುಟ್ಟಿ ತೋರಿಸಿದೆ.

ಮೇಜನ್ನು ಎತ್ತಿ ಎದುರು ಗೋಡೆಗೆ ಹಾಕಿದೆವು. ಅಂಗಡಿಗೆ ಹೋಗಿ ದೊಡ್ಡ ಸ್ವಿಚ್ಚನ್ನೂ ಕೆಳಗೆಳೆದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಏನೂ ಆಗಲಿಲ್ಲ. ಮೇಸ್ತ್ರಿಯೂ ಮೇಲಿಂದ ಬೈಯಲಿಲ್ಲ.

ಉಳಿದದ್ದು ಆ ಗೇಣು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕ ಕೂತಳು. ಓದಬೇಕಾದದ್ದು ಇಪ್ಪತ್ತು ನಿಮಿಷ, ಗಂಟಲಿನಲ್ಲಿರುವುದು ಮೂವತ್ತು ನಿಮಿಷ. ತಪ್ಪಿದರೆ ಇನ್ನೊಮ್ಮೆ ಇಲ್ಲ. ಕೂತವಳೇ ಹೆಬ್ಬೆರಳನ್ನು ಗಲ್ಲಕ್ಕೆ ಊರಿದಳು.

ಬೈಯಲು ಬಾಯಿ ತೆರೆದೆ. ಮುಚ್ಚಿದೆ. ಅವಳ ಪಕ್ಕ ಮೊಣಕಾಲೂರಿ ಕೂತೆ.

"ಅಕ್ಕಾ, ಸ್ಕೂಲಲ್ಲಿ ನಾನು ಎಲ್ಲಿ ಕೂರ್ತಿದ್ದೆ?"

"ನನ್ನ ಮುಂದೆ."

ನಮ್ಮ ಹಳ್ಳಿಯ ಶಾಲೆಯಲ್ಲಿ ನಾಲ್ಕು ತರಗತಿಗೂ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಎರಡನೆಯ ತರಗತಿಯ ನನ್ನ ಬೆನ್ನ ಹಿಂದೆಯೇ ನಾಲ್ಕನೆಯ ತರಗತಿಯ ಅಕ್ಕ. ನನಗೆ ಅಕ್ಷರ ಹತ್ತುತ್ತಿರಲಿಲ್ಲ. ಮೇಷ್ಟ್ರು ಪುಸ್ತಕ ಕೈಗೆ ಕೊಟ್ಟು ಓದು ಎಂದರೆ ಅಕ್ಕ ಹಿಂದಿನಿಂದ ಬಗ್ಗಿ ಒಂದೊಂದೇ ಪದವನ್ನು ಕಿವಿಯೊಳಗೆ ಹಾಕುವಳು. ನಾನು ಬೆರಳಿಟ್ಟು ಓದಿದಂತೆ ಮಾಡುವೆನು. ಹಾಗೆ ಮಾಡುತ್ತ ಮಾಡುತ್ತಲೇ ಒಂದು ದಿನ ನಿಜವಾಗಿ ಓದು ಬಂದುಬಿಟ್ಟಿತು.

"ನಿನ್ನ ಬಾಯಿಗೂ ನನ್ನ ಕಿವಿಗೂ ಎಷ್ಟು ದೂರ ಇರ್ತಿತ್ತು?"

ಅಕ್ಕ ನನ್ನನ್ನು ನೋಡಿದಳು. ಬಲಗೈಯ ನಾಲ್ಕು ಬೆರಳು ಜೋಡಿಸಿ ತುಟಿಯ ಮುಂದೆ ಅಡ್ಡ ಹಿಡಿದಳು.

"ಆಗ ಎಂಜಲಿನ ಯೋಚನೆ ಮಾಡಿದ್ಯಾ?"

"ನೀನೇ ಬಯ್ತಿದ್ದೆ. ಕಿವಿ ಒದ್ದೆ ಆಯ್ತು ಅಂತ. ಅದಕ್ಕೇ ಸ್ವಲ್ಪ ಓರೆಯಾಗಿ ಬಗ್ತಿದ್ದೆ."

"ಹಾಗೇ ಓರೆಯಾಗಿ ಕೂರು. ಇದು ಮೈಕಲ್ಲ, ನನ್ನ ಕಿವಿ ಅಂತ ತಿಳ್ಕೋ. ದಡ್ಡನ ಕಿವಿ. ಹತ್ತಿರದಿಂದ ಹೇಳಿದ್ರೇ ಒಳಗೆ ಹೋಗೋದು."

ಅವಳು ನಾಲ್ಕು ಬೆರಳನ್ನು ಮೈಕಿಗೆ ತಾಗಿಸಿ ಅಳತೆ ನೋಡಿದಳು. ಬೆನ್ನು ನೆಟ್ಟಗಾಗಲಿಲ್ಲ, ಗಲ್ಲ ಮೇಲೇಳಲಿಲ್ಲ. ಬಗ್ಗಿದಳು. ಹೆಂಡತಿ ಹೆಡ್‌ಫೋನು ಹಾಕಿಕೊಂಡು ಗುಂಡಿ ಒತ್ತಿ, ಎರಡು ಕ್ಷಣ ಕೇಳಿ, ನನ್ನ ಕಡೆ ನೋಡಿದಳು. ಅವಳ ಕಣ್ಣು ತುಂಬಿತ್ತು. ಹೊರಗೆ ಹೋಗಿ ಎಂದು ಕೈಸನ್ನೆ ಮಾಡಿದಳು.

ನಾನು ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ನೀರಿಲ್ಲದ ಬಾವಿಯಲ್ಲಿ ಮೋಟರು ಓಡಿಸಿದ ಮಹಾಶಯ ಸರಿಯಾಗಿ ಆಗಲೇ ಬಂದ.

"ಆಯ್ತಾ ನಂದು?"

ಇಲ್ಲ ಎಂದು ತಲೆಯಾಡಿಸಿದೆ.

"ಯಾವಾಗ ಆಗತ್ತೆ? ವಾರದಿಂದ ಅಲೆದಾಡಿಸ್ತಿದ್ದೀರಿ. ಕೆಲಸ ಬರಲ್ಲ ಅಂದ್ರೆ ಬರಲ್ಲ ಅನ್ನಿ."

ಬಾಯಿಯ ತನಕ ಬಂದದ್ದನ್ನು ನುಂಗಿದೆ. ಅದು ಗಂಟಲು ಸುಡುತ್ತ ಕೆಳಗಿಳಿಯಿತು. ಸೋಮವಾರ ಎಂದು ಬೆರಳಲ್ಲಿ ಲೆಕ್ಕ ಹಾಕಿ ತೋರಿಸಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹಲ್ಲು ಕೀಳಿಸಿದ್ರಾ? ಲವಂಗ ಕಚ್ಕೊಳ್ಳಿ" ಎಂದು ಮರುಕದಿಂದ ಹೇಳಿ ಹೋದ.

ಹನ್ನೊಂದಕ್ಕೆ ಹೆಂಡತಿ ಅದನ್ನು ಮೇಡಂಗೆ ಕಳಿಸಿದಳು. ಹನ್ನೆರಡಾಯಿತು. ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಇಟ್ಟಳು, ಡ್ರಾಯರಿನೊಳಗೆ ಇಟ್ಟಳು, ಮತ್ತೆ ಹೊರಗೆ ತೆಗೆದಳು. ಹನ್ನೆರಡೂವರೆಗೆ ಫೋನು ಬಂತು. ಹೆಂಡತಿ ಎಲ್ಲರಿಗೂ ಕೇಳಿಸುವ ಹಾಗೆ ಇಟ್ಟಳು.

"ಅಕ್ಕಾ, ನಾನು ಒಬ್ಬಳೇ ಕೇಳಿ ಹೇಳಿದ್ರೆ ನಿಮ್ಮ ತಮ್ಮ ನನ್ನನ್ನ ಬಿಡಲ್ಲ ಅಂತ ಕುರ್ಚಿ ಅಜ್ಜಂಗೆ ಫೋನಲ್ಲಿ ಕೇಳಿಸಿದೆ" ಎಂದರು ಮೇಡಂ. ಕುರ್ಚಿ ಅಜ್ಜ ಎಂದರೆ ಕಣ್ಣಿಲ್ಲದೆಯೂ ಬೆತ್ತದ ಕುರ್ಚಿ ಹೆಣೆಯುವ ಮುದುಕ. ಏನೂ ಕೇಳಿಸುವುದಿಲ್ಲ ಎಂದು ಮೊದಲು ದೂರು ಕೊಟ್ಟವನೇ ಅವನು. "ಪೂರ್ತಿ ಕೇಳಿದ್ರು. ನಗೆಹನಿಗೆ ನಕ್ಕರು. ಆಮೇಲೆ ಏನಂದ್ರು ಗೊತ್ತಾ? ಇಷ್ಟು ದಿನ ಈಕೆ ಬಸ್ಸಿಗೆ ಹತ್ತಿಸೋ ಹಾಗೆ ಓದ್ತಿದ್ರು, ಇವತ್ತು ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತ್ರು ಅಂದ್ರು. ಸೋಮವಾರ ಇದೇ ಹೋಗತ್ತೆ. ಮುಂದಿನದ್ದೂ ನೀವೇ ಕಳಿಸಿ."

ಅಕ್ಕ "ಹೂಂ" ಎಂದಳು. ನಾನು ಫೋನಿನ ಹತ್ತಿರ ಬಗ್ಗಿ, "ಮೇಡಂ, ಅವತ್ತು ಅಂದಿದ್ದು ತಪ್ಪಾಯ್ತು" ಎಂದೆ.

"ಯಾರಿದು ಮಾತಾಡ್ತಿರೋದು?" ಎಂದರು ಅವರು.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಕ್ಕನೂ ನಕ್ಕಳು, ಸದ್ದಿಲ್ಲದೆ, ಭುಜ ಕುಣಿಸಿ. ಐದು ದಿನದಿಂದ ನನ್ನ ಎದೆಯ ಮೇಲೆ ಕೂತಿದ್ದ ಯಾವುದೋ ಕಲ್ಲು ಎದ್ದು ಹೋಯಿತು. ಹೊಟ್ಟೆ ಹಸಿದಿದೆ ಎಂದು ಆಗ ತಿಳಿಯಿತು.

ಊಟವಾದ ಮೇಲೆ ಅಂಗಡಿಗೆ ಬಂದು ದೊಡ್ಡ ಸ್ವಿಚ್ಚನ್ನು ಮೇಲೆತ್ತಿದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ಮಗುವಿನ ಗೊರಕೆಯಷ್ಟು ಹಿತವಾಗಿತ್ತು. ರಸ್ತೆಯಾಚೆಯಿಂದ ತಗಡಿನವನು ಕೇಳಿದ.

"ಯಾರೋ ಸತ್ತಿದ್ದು? ಎರಡು ದಿನದಿಂದ ನಿನ್ನ ಬಾಯೇ ಕೇಳಿಲ್ಲ!"

"ನಿನ್ನ ತಿಥಿ ಊಟ ಉಣ್ಣದೆ ಇಲ್ಲಿ ಯಾರೂ ಸಾಯಲ್ಲ ಕಣೋ!" ಎಂದು ಎರಡು ದಿನದ ಬಾಕಿಯನ್ನೆಲ್ಲ ಸೇರಿಸಿ ಕೂಗಿದೆ. ಪಾರಿವಾಳಗಳು ಸೂರಿನಿಂದ ಎದ್ದವು. ಆಗ ನೆನಪಾಯಿತು. ಒಳಗೆ ಅಕ್ಕ ಉಳಿದ ಹತ್ತು ನಿಮಿಷದಲ್ಲಿ ಮುಂದಿನ ವಾರದ ಮೊದಲ ಪುಟ ಓದಿ ನೋಡುತ್ತೇನೆ ಎಂದು ಕೂತಿದ್ದಳು. ನಾಲಿಗೆ ಕಚ್ಚಿಕೊಂಡು ಹಿಂದಕ್ಕೆ ಓಡಿದೆ.

ಹೆಂಡತಿ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅಕ್ಕ ಓದು ನಿಲ್ಲಿಸಿ ನನ್ನನ್ನು ನುಂಗುವ ಹಾಗೆ ನೋಡಿದಳು.

"ಕೆಡಿಸಿದೆ ತಾನೇ?" ಎಂದೆ.

ಹೆಂಡತಿ ಹಿಂದಕ್ಕೆ ತಿರುಗಿಸಿ ಒಮ್ಮೆ ಕೇಳಿದಳು. ಇನ್ನೊಮ್ಮೆ ಕೇಳಿದಳು.

"ಎಲ್ಲೋ ಬಾಗಿಲು ಹಾಕಿದಷ್ಟು ಸದ್ದು, ಅಷ್ಟೇ. ಪಕ್ಕದ ಊರಲ್ಲಿ ಯಾರೋ ಹಾಕಿದ ಹಾಗೆ" ಎಂದಳು. "ಅತ್ತಿಗೆ, ನೀವು ಓದಿ. ರೀ, ನೀವು ಹೋಗಿ ಕೂಗ್ಕೊಳ್ಳಿ."

ಅಕ್ಕ ನಾಲ್ಕು ಬೆರಳು ಅಳೆದು ಮತ್ತೆ ಬಗ್ಗಿದಳು. ನಾನು ಹೊರಗೆ ಹೋದೆ.